ಪಥ್ಯದ ಚಿಗವ್ವ

ಪ್ರತಿ ಮನೆತನದಲ್ಲೂ ಇಂಥ ಒಬ್ಬ ಚಿಗವ್ವ ಇದ್ದೇ ಇರುತ್ತಾಳೆ. ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿದೆ ಎಂಬುದು ಆಕೆಗೆ ಮರೆತೀತು. ಯಾರಿಗೆ ಏನು ತಿಂದರೆ ಆಗಿಬರುವುದಿಲ್ಲ ಎಂಬುದು ಮಾತ್ರ ಬಾಯಿಪಾಠ. ನಮ್ಮ ಚಿಗವ್ವ ಇರುವುದು ಸಿಂಧನೂರಿನಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ಭತ್ತದ ಕಣಜ ಎನಿಸಿಕೊಂಡ ಊರು, ಓಣಿ ದಾಟಿದರೆ ರೈಸ್‌ಮಿಲ್ಲಿನ ತೌಡಿನ ವಾಸನೆ. ಅಲ್ಲಿ ಕೂತು ಈಕೆ ಕಾಳು-ಕಡಿಯ ಸೋಂಕಿಲ್ಲದ ದಾಲ್ಚಿನ್ನಿ ಕೇಕು ಮಾಡುತ್ತಾಳೆ.

ಇದಕ್ಕೆಲ್ಲ ಕಾರಣ ಬಂಧುಬಳಗ. ಮಸ್ಕಿಯ ಮಾವನಿಗೆ ಶುಗರ್. ಲಿಂಗಸುಗೂರಿನ ಬೀಗತಿಗೆ ಶ್ರಾವಣ ಸೋಮವಾರದ ಉಪವಾಸ. ಅಂದು ಅಕ್ಕಿ, ಗೋಧಿ, ಜೋಳ ಯಾವುದನ್ನೂ ಮುಟ್ಟುವಂತಿಲ್ಲ. ಬೆಂಗಳೂರಿನಿಂದ ಬರುವ ಮೊಮ್ಮಗಳಿಗೆ ಸೀಲಿಯಾಕ್, ಚಿಟಿಕೆ ಗೋಧಿಹಿಟ್ಟಿನ ಗ್ಲುಟೆನ್ ಸಹ ಕರುಳಿಗೆ ಆಗದು. ಎಲ್ಲರಿಗಿಂತ ಕಟ್ಟುನಿಟ್ಟಿನ ಪಥ್ಯ ಈ ಹುಡುಗಿಯದು, ಅದರ ಬಗ್ಗೆ ತುಟಿಪಿಟಕ್ಕೆನ್ನದವಳೂ ಇವಳೇ. ಜೋಳದಲ್ಲಿ ಗ್ಲುಟೆನ್ ಇಲ್ಲ, ಬಿಸಿ ರೊಟ್ಟಿ ಕೊಟ್ಟರೆ ಖುಷಿಯಿಂದ ತಿನ್ನುತ್ತಾಳೆ. ಚಿಗವ್ವ ಒಪ್ಪಬೇಕಲ್ಲ! “ಒಬ್ಬೊಬ್ಬರಿಗೆ ಒಂದೊಂದು ಮಾಡಿದ್ರ ಭೇದ ಮಾಡಿದಂಗ ಆಗ್ತೈತಿ.”

ಹೀಗಾಗಿ ಎಲ್ಲರ ‘ಬ್ಯಾಡ’ಗಳನ್ನೂ ಕೂಡಿಸಿ, ಉಳಿದದ್ದರಲ್ಲಿ ಒಂದೇ ಕೇಕು. ಫ್ರಿಜ್ಜಿನ ಬಾಗಿಲಿಗೆ ಪಥ್ಯದ ಪಟ್ಟಿ ಅಂಟಿಸಿದ್ದಾಳೆ. ಅಶೋಕನ ಬೇರೆಡೆಯ ಶಾಸನಗಳು ಹೆಚ್ಚಾಗಿ ‘ದೇವಾನಾಂಪ್ರಿಯ’ ಎಂದಷ್ಟೇ ಹೇಳಿ ಸುಮ್ಮನಾದರೆ, 1915ರಲ್ಲಿ ಸಿಕ್ಕ ಮಸ್ಕಿಯ ಶಾಸನ ಹೆಸರು ಹಿಡಿದು ಹೇಳಿತು. ಚಿಗವ್ವನ ಪಟ್ಟಿಯೂ ಮಸ್ಕಿಯ ಶಾಸನದ ಹಾಗೆ, ಎಲ್ಲರ ಹೆಸರೂ ಬಿಡಿಸಿ ಬರೆದದ್ದು.

ಕೆಲಸದಲ್ಲಿ ಮಾತ್ರ ಆಕೆಯನ್ನು ಮೀರಿಸುವವರಿಲ್ಲ. ಬಾದಾಮಿ ಹಿಟ್ಟು ದುಬಾರಿ, ಅರ್ಧಕ್ಕೆ ಶೇಂಗಾ. ಹುರಿದು, ಸಿಪ್ಪೆ ಊದಿ, ಮಿಕ್ಸಿಯನ್ನು ತಡೆ ತಡೆದು ತಿರುಗಿಸುತ್ತಾಳೆ; ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಹಿಟ್ಟನ್ನು ಹಿಡಿದಿಡಲು ಗೋಧಿಯೂ ಇಲ್ಲ, ಮೊಟ್ಟೆ ಆ ಮನೆಯ ಹೊಸಿಲು ದಾಟಿದ್ದಿಲ್ಲ. ಅದಕ್ಕೆ ಚಟ್ನಿಪುಡಿಯ ಅಗಸಿಯೇ ಗತಿ. ಒಂದು ಚಮಚ ಪುಡಿಗೆ ಮೂರು ಚಮಚ ನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಲೋಳೆಯಾಗಿ ಕೂತುಬಿಡುತ್ತದೆ. ರುಬ್ಬಿದ ಖರ್ಜೂರ, ಮೊಸರು, ಸೋಡಾ, ದಾಲ್ಚಿನ್ನಿ. ಗ್ಯಾಸ್ಕೆಟ್ಟು-ಸೀಟಿ ತೆಗೆದ ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಸಣ್ಣ ಉರಿಯಲ್ಲಿ ಮುಕ್ಕಾಲು ತಾಸು. ಬೆಂದಿದೆಯೋ ಇಲ್ಲವೋ ನೋಡಲು ಹೊಸ ಕಸಬರಿಗೆಯ ಕಡ್ಡಿಯೊಂದನ್ನು ತೊಳೆದು ಬೇರೆಯೇ ಇಟ್ಟಿರುತ್ತಾಳೆ.

ಆಮೇಲೆ ವಿಚಾರಣೆ. “ಸೋಡಾ ಉಪವಾಸಕ್ಕ ನಡೀತೈತೇನ್ರೀ?” ಎಂದು ಬೀಗತಿ. “ಅದೇನು ಹೊಲದಾಗ ಬೆಳೀತೈತೇನ್ರಿ?” ಎಂದು ಚಿಗವ್ವ. ಮಾವ ಇಂಥ ಸೂಕ್ಷ್ಮಕ್ಕೆಲ್ಲ ಹೋಗುವವರಲ್ಲ. ದಾಲ್ಚಿನ್ನಿ ತಿಂದರೆ ಶುಗರ್ ಇಳಿಯುತ್ತದೆಂದು ಎಲ್ಲೋ ಕೇಳಿದ್ದಾರೆ, ಆದ್ದರಿಂದ ಔಷಧವೆಂದು ನಾಲ್ಕು ತುಂಡು ತೆಗೆದುಕೊಳ್ಳುತ್ತಾರೆ. ಖರ್ಜೂರದಲ್ಲೂ ಸಕ್ಕರೆಯೇ ಇದೆ ಎಂದು ಮೊಮ್ಮಗಳು ಹೇಳಿದರೆ, “ಅದು ಹಣ್ಣಿನ ಸಕ್ಕರಿ” ಎಂದು ಐದನೆಯದಕ್ಕೆ ಕೈಹಾಕುತ್ತಾರೆ.

ಚಿಗವ್ವನ ಮನೆಯಲ್ಲಿ ನಿಜವಾದ ಪರದೇಶಿ ಎಂದರೆ ಯಾವ ಪಥ್ಯವೂ ಇಲ್ಲದವನು. ಬೀಗತಿಯ ಕಿರಿಮಗ ಅಂಥವನು, ಕಲ್ಲು ತಿಂದು ಕರಗಿಸುವ ವಯಸ್ಸು. “ನಿನಗೇನು ಆಗಂಗಿಲ್ಲಪಾ?” ಎಂದು ಕೇಳಿದರೆ “ಎಲ್ಲಾ ಆಗ್ತೈತ್ರಿ” ಅಂದ. ಆಕೆಯ ಮುಖ ಬಾಡಿತು. ಪಟ್ಟಿಯಲ್ಲಿ ಎಲ್ಲಿ ಬರೆಯುವುದು ಇವನನ್ನು? “ಯಾವುದಕ್ಕೂ ಒಮ್ಮೆ ರಕ್ತ ಚೆಕ್ ಮಾಡಿಸು,” ಎಂದು ಅವನ ತಟ್ಟೆಗೆ ಎಲ್ಲಕ್ಕಿಂತ ಸಣ್ಣ ತುಂಡು ಹಾಕಿದಳು.

ಕೇಕಿನ ತಟ್ಟೆ ಖಾಲಿಯಾಯಿತು. ಮಾವ ಕೈತೊಳೆದು ಬಂದು ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. “ಊಟಕ್ಕೇನೈತಿ?”

“ಈಗ ತಿಂದಿದ್ದು?”

“ಅದು ಪಥ್ಯ. ನಾನು ಊಟ ಕೇಳಾಕತ್ತೀನಿ.”

“ಅನ್ನ ಬಿಟ್ಟೀನಿ ಅಂದಿದ್ರಿ?”

“ಅನ್ನ ಬಿಟ್ಟೀನಿ, ಖರೇ. ಮೊಸರನ್ನ ಬಿಟ್ಟೀನಿ ಅಂತ ಯಾವಾಗ ಅಂದೀನಿ?”

ಚಿಗವ್ವ ಎದ್ದು ಫ್ರಿಜ್ಜಿನ ಕಡೆ ನಡೆದಳು. ಮೊಸರಿಗಲ್ಲ, ಪೆನ್ನು ಹಿಡಿದು ಪಟ್ಟಿ ತಿದ್ದಲು.