ಪೈನ್ ಮರದ ಪರಿಮಳ

ಬಾಣಂತನಕ್ಕೆಂದು ಟೊರಾಂಟೊಗೆ ಹೋದ ಹೆಂಗಸಿಗೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾಡಲು ಏನೂ ಇರುವುದಿಲ್ಲ. ಕೂಸು ಮಲಗಿರುತ್ತದೆ, ಬಾಣಂತಿ ಮಲಗಿರುತ್ತಾಳೆ, ಹೊರಗೆ ಮೊಣಕಾಲುದ್ದ ಹಿಮ. ಮೈಸೂರಿನಿಂದ ಹೊತ್ತು ತಂದಿದ್ದ ಮೂರು ಕಾದಂಬರಿ ಮೂರೇ ವಾರಕ್ಕೆ ಮುಗಿದವು. ಆಮೇಲೆ ಚಟ್ನಿಪುಡಿ ಡಬ್ಬಿಗೆ ಸುತ್ತಿದ್ದ ಪೇಪರನ್ನು ಬಿಡಿಸಿ ಓದಿದೆ, ಟೆಂಡರ್ ಪ್ರಕಟಣೆ ಸಮೇತ. ಅದನ್ನು ಕಂಡು ಕನಿಕರಪಟ್ಟ ಸೊಸೆ, "ಅತ್ತೆ, ಇದನ್ನ ಓದಿ, ಕೂತಲ್ಲೇ ಓದಿಸ್ಕೊಂಡು ಹೋಗತ್ತೆ" ಎಂದು ಒಂದು ಇಂಗ್ಲಿಷ್ ಕಾದಂಬರಿ ಕೊಟ್ಟಳು. ರಕ್ಷಾಪುಟದಲ್ಲಿ ಕಾರ್ಟೂನಿನಂಥ ಹುಡುಗ ಹುಡುಗಿ; ಅವನ ಕೈಯಲ್ಲಿ ಹಾಕಿ ಕೋಲು, ಅವಳ ಕೈಯಲ್ಲಿ ಕಾಫಿ ಲೋಟ. ಪುಸ್ತಕದ ಹೆಸರು ಹೇಳುವುದಿಲ್ಲ. ಸೊಸೆಗೆ ಅದು ಇಷ್ಟ, ನನಗೆ ಸೊಸೆ ಇಷ್ಟ.

ಐಸ್ ಹಾಕಿ ಆಡುವವನ ಪ್ರೇಮಕಥೆ ಎಂಬ ಒಂದು ಜಾತಿಯೇ ಇದೆಯಂತೆ. 2015ರಲ್ಲಿ ಟೊರಾಂಟೊ ಕಡೆಯವರೇ ಆದ ಎಲ್ ಕೆನಡಿ ‘ದಿ ಡೀಲ್’ ಬರೆದರು. ಅದರಲ್ಲಿ ಹುಡುಗಿ ಕಾಲೇಜು ತಂಡದ ನಾಯಕನಿಗೆ ಪಾಠ ಹೇಳಿಕೊಡಬೇಕು, ಅವನು ಅವಳ ಪ್ರಿಯಕರನಂತೆ ನಟಿಸಿ ಅವಳು ಮೆಚ್ಚಿದ ಇನ್ನೊಬ್ಬನಿಗೆ ಹೊಟ್ಟೆಕಿಚ್ಚು ಬರಿಸಬೇಕು. ಸರಿ, ಕೊಡುವ ಕೊಳ್ಳುವ ಲೆಕ್ಕವಾದರೂ ಇದೆ. 2022ರಲ್ಲಿ ಹ್ಯಾನಾ ಗ್ರೇಸ್ ಅವರ ‘ಐಸ್‌ಬ್ರೇಕರ್’ ಬಂತು. ನನಗೆ ಸಿಕ್ಕಿದ್ದು ಇವುಗಳ ಹಿಂದೆ ಸಾಲುಗಟ್ಟಿ ಬಂದವುಗಳಲ್ಲಿ ಒಂದು.

ಇದರ ನಾಯಕನಿಗೆ ಪುಂಡನೆಂಬ ಹೆಸರು. ತಂಡದವರು ಯಾರಾದರೂ ಸಭ್ಯ ಹುಡುಗಿಯ ಜೊತೆ ಕಾಣಿಸಿಕೋ ಅನ್ನುತ್ತಾರೆ. ನಾಯಕಿಗೆ ಅಕ್ಕನ ಮದುವೆಗೆ ಒಬ್ಬಳೇ ಹೋಗಲು ಸಂಕೋಚ. ಇಷ್ಟೇ! ಇಷ್ಟಕ್ಕೇ ಇಬ್ಬರೂ ಹೋಟೆಲಿನಲ್ಲಿ ಕೈ ಒರೆಸುವ ಕಾಗದದ ಮೇಲೆ ಕರಾರು ಬರೆಯುತ್ತಾರೆ: ಆರು ವಾರ ಪ್ರೇಮಿಗಳ ನಾಟಕ, ನಿಜವಾಗಿ ಪ್ರೀತಿಸಕೂಡದು. ಇದು ಹನ್ನೊಂದನೇ ಪುಟ. ಉಳಿದ 370 ಪುಟದಲ್ಲಿ ಏನಾಗುತ್ತದೆಂದು ತೊಟ್ಟಿಲಲ್ಲಿದ್ದ ಕೂಸಿಗೂ ಗೊತ್ತಾಗಿರಬೇಕು.

ಕೊನೆ ಗೊತ್ತಾಯಿತೆಂದು ನನಗೇನೂ ಬೇಜಾರಿಲ್ಲ. ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ತ್ರಿವೇಣಿ, ಸಾಯಿಸುತೆ, ಉಷಾ ನವರತ್ನರಾಂ ಎಲ್ಲರನ್ನೂ ಓದಿದವಳು, ಅದೂ ಕೊನೇ ಪುಟ ಯಾರೋ ಹರಿದುಕೊಂಡು ಹೋದ ಪ್ರತಿಗಳಲ್ಲಿ.

ಸಿಟ್ಟು ಬಂದದ್ದು ಹಾಕಿಯ ವಿಷಯಕ್ಕೆ. ಎಂಟು ವರ್ಷದ ದೊಡ್ಡ ಮೊಮ್ಮಗ ಹಾಕಿ ಆಡುತ್ತಾನೆ. ಶನಿವಾರ ಬೆಳಗಿನ ಆರೂವರೆಗೆ ಎರಡು ಸ್ವೆಟರಿನ ಮೇಲೆ ಶಾಲು ಹೊದ್ದು ರಿಂಕಿನ ತಣ್ಣನೆ ಬೆಂಚಿನ ಮೇಲೆ ಕೂತು ನಾನೂ ನೋಡಿದ್ದೇನೆ. ಅಲ್ಲಿ ಚೆಂಡಿಲ್ಲ, ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಕರೀ ರಬ್ಬರ್ ಬಿಲ್ಲೆ, ಪಕ್ ಅನ್ನುತ್ತಾರೆ. ಮಧ್ಯೆ ಮಧ್ಯೆ ಜಾಂಬೋನಿ ಎಂಬ ಗಾಡಿ ಬಂದು ಹಿಮದ ಮೇಲ್ಪದರ ಹೆರೆದು, ತೊಳೆದು, ಬಿಸಿನೀರು ಸವರಿಕೊಂಡು ಹೋಗುತ್ತದೆ. ಕ್ಯಾಲಿಫೋರ್ನಿಯಾದ ಫ್ರಾಂಕ್ ಜಾಂಬೋನಿ 1949ರಲ್ಲಿ ಮಾಡಿದ ಯಂತ್ರ. ಒಂದು ಮೂಲೆಯನ್ನೂ ಬಿಡದೆ ನೆಲ ಸಾರಿಸುವ ಗಂಡಸನ್ನು ನಾನು ಮೊದಲು ಕಂಡದ್ದು ಆ ಗಾಡಿಯ ಮೇಲೆಯೇ.

ಆಟ ಮುಗಿದ ಮೇಲೆ ಹುಡುಗನ ಚೀಲ ತೆರೆಯುತ್ತಾರಲ್ಲ, ಅದು ಬೇರೆಯೇ ಅನುಭವ. ಮೊಣಕಾಲಿನ ಗಾರ್ಡು, ಕೈಗವುಸು, ಒಳಗಿನ ಬನಿಯನ್ನು. ಶ್ರಾವಣದ ಮಳೆಯಲ್ಲಿ ವಾರವಿಡೀ ಒಣಗದ ಗೋಣಿತಾಟಿನೊಳಗೆ ಹುಳಿ ಬಂದ ದೋಸೆಹಿಟ್ಟು ಸುರಿದು ಬಾಯಿ ಕಟ್ಟಿಟ್ಟ ಹಾಗೆ. ಮಗ ಅದನ್ನು ಮನೆಯೊಳಕ್ಕೆ ತರುವುದೇ ಇಲ್ಲ, ಗ್ಯಾರೇಜಿನಲ್ಲಿ ಹರವುತ್ತಾನೆ. ಎಂಟು ವರ್ಷದವನದೇ ಹೀಗಿದ್ದರೆ ಆರಡಿ ಮೂರಿಂಚಿನ ಗಂಡಸಿನದು ಹೇಗಿರಬೇಡ? ಕಾದಂಬರಿಯಲ್ಲಿ ನಾಯಕ ಇಪ್ಪತ್ತಿಪ್ಪತ್ತು ನಿಮಿಷದ ಮೂರು ಪೀರಿಯಡ್ ಆಡಿ, ಹೊಡೆದಾಡಿ, ಐದು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂತು, ನೇರವಾಗಿ ಬಂದು ನಾಯಕಿಯನ್ನು ತಬ್ಬಿಕೊಳ್ಳುತ್ತಾನೆ. ಅವಳಿಗೆ ಪೈನ್ ಮರದ ಪರಿಮಳ ಬರುತ್ತದೆ. ನಾನು ನಕ್ಕ ಸದ್ದಿಗೆ ಕೂಸು ಎದ್ದಿತು.

ಹೋಗಲಿ, ಹಾಕಿ ನೆಪ. ಆದರೆ ಸುಳ್ಳು? 1955ರ ತೆಲುಗು ‘ಮಿಸ್ಸಮ್ಮ’ದಲ್ಲಿ ಎನ್‌.ಟಿ. ರಾಮರಾವ್, ಸಾವಿತ್ರಿ ಇಬ್ಬರೂ ಕೆಲಸವಿಲ್ಲದವರು. ಶಾಲೆಗೆ ಗಂಡ ಹೆಂಡತಿಯೇ ಮೇಷ್ಟ್ರಾಗಿ ಬೇಕೆಂದದ್ದಕ್ಕೆ ದಂಪತಿಯೆಂದು ಹೇಳಿಕೊಂಡು ಹೋಗುತ್ತಾರೆ. ಗುಟ್ಟು ರಟ್ಟಾದರೆ ಅನ್ನಕ್ಕೆ ಕಲ್ಲು. ಈ ಪುಸ್ತಕದಲ್ಲಿ ಗುಟ್ಟು ರಟ್ಟಾದಾಗ ಅಕ್ಕ "ಹೌದಾ?" ಅಂದು ಕೇಕ್ ಕತ್ತರಿಸಲು ಹೋದಳು. ಮಧ್ಯದಲ್ಲೊಮ್ಮೆ ನಾಯಕ ಅವಳ ಕಾಫಿ ಹೇಗಿರಬೇಕೆಂದು, ಓಟ್ಸ್ ಹಾಲು, ದಾಲ್ಚಿನ್ನಿ ಪುಡಿ ಎಂದೆಲ್ಲ, ಮದುವೆಮನೆಯವರ ಎದುರು ಒಪ್ಪಿಸುತ್ತಾನೆ. ಎಲ್ಲರೂ ಮೆಚ್ಚುತ್ತಾರೆ. ಕಾಫಿಯಲ್ಲಿ ಎಂಥ ಅಪಾಯವಿದೆಯೆಂದು ಲೇಖಕಿಗೆ ಗೊತ್ತಿದ್ದಂತಿಲ್ಲ.

ನನಗೆ ಗೊತ್ತು. 1983ರಲ್ಲಿ ನಾವು ಆಡಿದ ನಾಟಕ ಇದರ ತಿರುಗುಮುರುಗು. ಎರಡು ವರ್ಷದಿಂದ ಬಲ್ಲ ಹುಡುಗ, ಗುರುತೇ ಇಲ್ಲದವನಂತೆ ನಮ್ಮನೆಗೆ ಹೆಣ್ಣು ನೋಡಲು ಬರಬೇಕಿತ್ತು. ಇಬ್ಬರ ಮನೆಯಲ್ಲೂ ಬಾಯಿ ಬಿಡುವ ಧೈರ್ಯವಿರದೆ, ಅವರ ಸೋದರತ್ತೆಯನ್ನು ಹಿಡಿದು ಜಾತಕ ಕಳಿಸಿಯಾಗಿತ್ತು. ಉಪ್ಪಿಟ್ಟು, ಕೇಸರಿಬಾತು ಆಯಿತು. ಅವರು ಗಂಭೀರವಾಗಿ, "ಏನು ಓದಿದೀರಿ?" ಅಂದರು. ಪರೀಕ್ಷೆಗೆ ನನ್ನ ನೋಟ್ಸನ್ನೇ ಓದಿ ಪಾಸಾದವರು! ನಾನು ತಲೆ ತಗ್ಗಿಸಿ "ಬಿ.ಎ." ಅಂದೆ.

ಆಮೇಲೆ ಕಾಫಿ. ಟ್ರೇಯಲ್ಲಿ ಆರು ಲೋಟ. ಐದಕ್ಕೆ ಸಕ್ಕರೆ ಹಾಕಿ, ಒಂದಕ್ಕೆ ಹಾಕದೆ, ಆ ಒಂದನ್ನು ನೆಟ್ಟಗೆ ತಂದು ಅವರ ಮುಂದಿಟ್ಟೆ. ಅವರೂ ಮೈಮರೆತು ಒಂದು ಗುಟುಕು ಕುಡಿದು ಸಮಾಧಾನದ ಮುಖ ಮಾಡಿದರು. ಬಾಗಿಲ ಪಕ್ಕ ಕೂತಿದ್ದ ಅಜ್ಜಿ ಕೇಳಿದರು: "ಹುಡುಗನ ಲೋಟಕ್ಕೆ ಸಕ್ಕರೆ ಬೀಳಲೇ ಇಲ್ಲವಲ್ಲೇ?"

ಫ್ಯಾನು ತಿರುಗುವ ಸದ್ದು ಕೇಳಿಸುವಷ್ಟು ಮೌನ. ಭಾವೀ ಅಳಿಯ ನಡುಗುವ ದನಿಯಲ್ಲಿ "ಹೌದು, ಮರೆತಿರಬೇಕು, ಹಾಕಿ" ಅಂದರು. ಅಜ್ಜಿ ತಾವೇ ಎದ್ದು ಎರಡು ಚಮಚ ತುಂಬ ಹಾಕಿ ಕಲಸಿದರು. ಆ ಮನುಷ್ಯ ಕಣ್ಣು ಮುಚ್ಚಿ ಅಷ್ಟನ್ನೂ ಕುಡಿದರು.

ಲೋಟ ತೊಳೆಯಲು ಒಳಗೆ ಹೋದಾಗ ಅಜ್ಜಿ ಹಿಂದೆಯೇ ಬಂದು ಕಿವಿಯಲ್ಲಿ ಅಂದರು: "ಅವನಿಗೆ ಸಕ್ಕರೆ ಆಗೋದಿಲ್ಲ ಅಂತ ನನಗೊಬ್ಬಳಿಗಾದರೂ ಮೊದಲೇ ಹೇಳೋದಲ್ಲವೇನೇ?"