ಕ್ಯಾಂಟೀನ್ ವಿಮರ್ಶೆ

(ಮೈಸೂರಿನ ಒಂದು ಹಳೇ ಟಾಕೀಸು. ಮ್ಯಾಟ್ನಿ ಶುರುವಾಗಿದೆ. ಕ್ಯಾಂಟೀನಿನ ಸಿದ್ದಪ್ಪ ಸಮೋಸ ಕರಿಯುತ್ತಿದ್ದಾನೆ. ಬೆಂಗಳೂರಿನಿಂದ ಬಂದ ಅಕ್ಕನ ಮಗ ಮಹೇಶ ಗಲ್ಲಾದ ಪಕ್ಕ ಕೂತಿದ್ದಾನೆ.)

ಮಹೇಶ: ಮಾವ, ಇಲ್ಲಿ 'ಓಪನ್‌ಹೈಮರ್' ಓಡಿತ್ತಲ್ಲ, ಹೆಂಗಿತ್ತು?

ಸಿದ್ದಪ್ಪ: ಸುಮಾರು. ಇಂಟರ್ವಲ್ಲಲ್ಲಿ ಜನ ಆರಾಮಾಗಿ ನಿಂತು ಕಾಫಿ ಕುಡಿದರು.

ಮಹೇಶ: ಅದಕ್ಕೂ ಸಿನಿಮಾಕ್ಕೂ ಏನು ಸಂಬಂಧ?

ಸಿದ್ದಪ್ಪ: ಒಳ್ಳೆ ಸಿನಿಮಾ ಆಗಿದ್ದರೆ ಚಿಲ್ಲರೆ ಕೂಡ ಇಸ್ಕೊಳ್ಳದೆ ಒಳಗೆ ಓಡ್ತಾರೆ ಕಣೋ.

ಮಹೇಶ: ಏಳು ಆಸ್ಕರ್ ಬಂತು ಅದಕ್ಕೆ!

ಸಿದ್ದಪ್ಪ: ಬರಲಿ, ಬೇಡ ಅಂದೋರ್ಯಾರು? ನಾನೂ ಬಾಗಿಲ ಸಂದೀಲಿ ನೋಡಿದೆ. ಎರಡು ಗಂಟೆ ಹತ್ತಿರ ಬಾಂಬ್ ಸಿಡೀತು. ಆಮೇಲೊಂದು ಗಂಟೆ ಬರೀ ವಿಚಾರಣೆ. ಅದನ್ನ ನಮ್ಮ ಕೋರ್ಟಲ್ಲಿ ಟಿಕೆಟ್ಟಿಲ್ಲದೆ ನೋಡಬಹುದು.

ಮಹೇಶ: ಆ ವಿಚಾರಣೆನೇ ಸಿನಿಮಾದ ಜೀವ ಮಾವ! ಬಾಂಬ್ ಮಾಡಿಕೊಟ್ಟವನನ್ನೇ ಸರ್ಕಾರ ಅನುಮಾನಿಸುತ್ತೆ. ರಾಬರ್ಟ್ ಡೌನಿಗೆ ಪ್ರಶಸ್ತಿ ಬಂದಿದ್ದು ಅಂಥಾ ಕಪ್ಪುಬಿಳುಪು ದೃಶ್ಯಗಳಿಂದ. ನಿಮ್ಮ ಆಪರೇಟರ್ ಮಾತಿನ ಮಧ್ಯೆ ಕತ್ತರಿಸಿ ಇಂಟರ್ವಲ್ ಕೊಟ್ಟರೆ ಜನಕ್ಕೆ ಏನು ತಿಳೀಬೇಕು?

ಸಿದ್ದಪ್ಪ: ಎಣ್ಣೆ ಕಾದಿದೆ, ಬಿಡಪ್ಪಾ ಅಂತ ನಾನೇ ಹೇಳಿ ಕಳಿಸಿದ್ದು.

ಮಹೇಶ: ಅಮೆರಿಕದಲ್ಲಿದ್ದಿದ್ದರೆ ಉಗಿಸಿಕೊಳ್ತಿದ್ದೆ. 2023ರಲ್ಲಿ ಸ್ಕಾರ್ಸೆಸಿಯ 'ಕಿಲ್ಲರ್ಸ್ ಆಫ್ ದ ಫ್ಲವರ್ ಮೂನ್' ಬಂತು. 206 ನಿಮಿಷ, ಇಂಟರ್ವಲ್ಲೇ ಇಲ್ಲ. ಕೆಲವು ಟಾಕೀಸಿನವರು ತಾವೇ ಒಂದು ಇಟ್ಟುಕೊಂಡರೆ, ಇದು ತಪ್ಪು ಅಂತ ಎಡಿಟರಮ್ಮ ಥೆಲ್ಮಾ ಸ್ಕೂನ್‌ಮೇಕರ್ ಸಿಟ್ಟಾದರು. ಟಿ.ವಿ. ಮುಂದೆ ಐದು ಗಂಟೆ ಕೂರಲ್ವಾ ಅಂತ ಸ್ಕಾರ್ಸೆಸಿ ವಾದ.

ಸಿದ್ದಪ್ಪ: ಟಿ.ವಿ. ಮುಂದೆ ಕೂತವನು ನಡುವೆ ಎದ್ದು ಬಚ್ಚಲಿಗೂ ಹೋಗ್ತಾನೆ, ಅನ್ನಕ್ಕೂ ಇಟ್ಟು ಬರ್ತಾನೆ. ಅಷ್ಟು ದೊಡ್ಡ ಮನುಷ್ಯನಿಗೆ ಇದು ಹೊಳೀಲಿಲ್ವಾ?

ಮಹೇಶ: 'ದಿ ಬ್ರೂಟಲಿಸ್ಟ್' ಮಾಡಿದ ಬ್ರೇಡಿ ಕಾರ್ಬೆಟ್‌ಗೆ ಹೊಳೆದಿದೆ. ಒಟ್ಟು 215 ನಿಮಿಷ, ಅದರಲ್ಲಿ 15 ನಿಮಿಷ ಇಂಟರ್ವಲ್. ಪರದೆ ಮೇಲೆ ಒಂದು ಮದುವೆ ಫೋಟೋ, ಜೊತೆಗೆ ಎಷ್ಟು ನಿಮಿಷ ಉಳಿದಿದೆ ಅಂತ ಲೆಕ್ಕ.

ಸಿದ್ದಪ್ಪ: ಹದಿನೈದು ನಿಮಿಷ! (ಜಾಲರಿ ಕೆಳಗಿಟ್ಟು) ಆ ಪುಣ್ಯಾತ್ಮನ ಫೋಟೋ ಕೊಡೋ, ಲಕ್ಷ್ಮಿ ಪಕ್ಕ ತೂಗುಹಾಕ್ತೀನಿ. ಕತೆ ಏನು?

ಮಹೇಶ: ಹಿಟ್ಲರನ ಕಾಲ ದಾಟಿ ಬದುಕಿದ ಹಂಗೆರಿಯ ಯಹೂದಿ ವಾಸ್ತುಶಿಲ್ಪಿ ಅಮೆರಿಕಕ್ಕೆ ಬರ್ತಾನೆ. ಅಲ್ಲಿನ ಸಾಹುಕಾರ ಕಟ್ಟಡ ಕಟ್ಟಿಸ್ತಾ ಕಟ್ಟಡ ಕಟ್ಟೋನನ್ನೇ ನೆಲಸಮ ಮಾಡ್ತಾನೆ. ಏಡ್ರಿಯನ್ ಬ್ರೋಡಿಯ ಮುಖ ನೋಡ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಇಂಟರ್ವಲ್ ಆದಮೇಲೆ ಮಾತ್ರ ಎಡವುತ್ತೆ. ಕೊನೆಗೆ 1980ರ ವೆನಿಸ್ಸಿಗೆ ಕರಕೊಂಡು ಹೋಗಿ, ಭಾಷಣ ಮಾಡಿಸಿ, ಇಷ್ಟೊತ್ತು ಕಾಂಕ್ರೀಟೇ ಹೇಳ್ತಿದ್ದುದನ್ನ ಬಾಯಲ್ಲಿ ಬಿಡಿಸಿ ಹೇಳಿಸ್ತಾರೆ.

ಸಿದ್ದಪ್ಪ: ಇಂಟರ್ವಲ್‌ವರೆಗೂ ಚೆನ್ನಾಗಿದೆ ತಾನೇ? ಆಮೇಲಿಂದು ನನಗ್ಯಾಕೆ? ಇವತ್ತೇ ಮ್ಯಾನೇಜರ್ ಹತ್ರ ಮಾತಾಡ್ತೀನಿ.

ಮಹೇಶ: ಮೂರೂವರೆ ಗಂಟೆ ಸಿನಿಮಾ ಮಾವ. ದಿನಕ್ಕೆ ನಾಲ್ಕು ಆಟ ಆಗಲ್ಲ, ಮೂರಾದರೆ ಹೆಚ್ಚು.

ಸಿದ್ದಪ್ಪ: ಅಂದರೆ ಮೂರೇ ಇಂಟರ್ವಲ್ಲಾ?

ಮಹೇಶ: ಮೂರೇ.

ಸಿದ್ದಪ್ಪ: (ಸ್ವಲ್ಪ ಯೋಚಿಸಿ) ನೀನು ಹೇಳಿದ್ದು ಸರಿ ಕಣೋ. ಆ ವೆನಿಸ್ ಭಾಗ ಬೇಕಿರಲಿಲ್ಲ.