ತುಂಗಭದ್ರಾ ಮತ್ಸ್ಯನೌಕಾ ಪರಿಷ್ಕರಣ ಮೀಮಾಂಸೆ

ಪೂರ್ವಪಕ್ಷ ಹೀಗಿದೆ. ಅಮೆರಿಕದ ಮೀನುಬೇಟೆಗಾರನು ಹನ್ನೆರಡು-ಹದಿನಾಲ್ಕು ಅಡಿಯ, ತಳ ಸಪಾಟಾದ ಅಲ್ಯೂಮಿನಿಯಂ ದೋಣಿಯನ್ನು ಕೊಳ್ಳುತ್ತಾನೆ. ಕೊಂಡವನು ಮೀನು ಹಿಡಿಯದೆ ದೋಣಿಯನ್ನೇ ತಿದ್ದಲು ಕೂರುತ್ತಾನೆ. ಅಡ್ಡಪಟ್ಟಿಗಳ ಮೇಲೆ ಪ್ಲೈವುಡ್ ಅಟ್ಟ, ಅಟ್ಟದ ಮೇಲೆ ಕಾರ್ಪೆಟ್, ಕಾರ್ಪೆಟ್ಟಿನ ಮೇಲೆ ತಿರುಗುವ ಕುರ್ಚಿ, ಕುರ್ಚಿಯ ಮುಂದೆ ಮೀನಿನ ಸುಳಿವು ಕೊಡುವ ಸೋನಾರ್ ಪರದೆ, ಮೂತಿಗೆ ಬ್ಯಾಟರಿ ಮೋಟಾರು, ಸಿಕ್ಕ ಮೀನು ಸಾಯದಿರಲೆಂದು ನೀರಾಡುವ ತೊಟ್ಟಿ. ಈ ಶಾಸ್ತ್ರವು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂಬ ಕ್ಷೇತ್ರಚತುಷ್ಟಯಕ್ಕೆ ಅನ್ವಯಿಸುತ್ತದೆಯೇ ಎಂಬುದೇ ಪ್ರಸ್ತುತ ಜಿಜ್ಞಾಸೆ.

ಮೊದಲು ನೀರಿನ ವಿಚಾರ. ನೌಕಾಶಾಸ್ತ್ರಕ್ಕೆ ನೀರು ಅಗತ್ಯವೆಂದು ಬಹುಪಾಲು ಪಂಡಿತರು ಒಪ್ಪುತ್ತಾರೆ. ಗದಗ-ಬೆಟಗೇರಿಯಲ್ಲಿ ಬೇಸಿಗೆಯ ನಳ ವಾರಗಟ್ಟಲೆ ಕಾಯಿಸಿ ಬರುತ್ತದೆ. ಬಂದ ದಿನ ಕೊಡ, ಬಕೀಟು, ಬೋಗುಣಿ, ಬ್ಯಾರಲ್ ಎಲ್ಲವೂ ಓಣಿಗೆ ಇಳಿಯುತ್ತವೆ. ಅಂದರೆ ಇಲ್ಲಿನ ಸಂಪ್ರದಾಯದಲ್ಲಿ ಲೋಹಪಾತ್ರೆಯ ಒಳಗೆ ನೀರಿರಬೇಕು, ಹೊರಗಲ್ಲ. ನೌಕಾಶಾಸ್ತ್ರಕ್ಕೆ ಇದಕ್ಕಿಂತ ಬಲವಾದ ವಿರೋಧ ಬೇರೆ ಯಾವ ಪೀಠದಿಂದಲೂ ಬಂದಿಲ್ಲ. ಲಕ್ಷ್ಮೇಶ್ವರಕ್ಕೆ, ಅಂದರೆ ಹಳೆಯ ಪುಲಿಗೆರೆಗೆ, ಹೋದರೆ, ಪುಲಿಗೆರೆಯ ಕನ್ನಡವನ್ನು ಪಂಪ 941ರಲ್ಲೇ ಮೆಚ್ಚಿಕೊಂಡಿದ್ದಾನೆ. ಆದರೆ ಕೆರೆಯ ಆಳವನ್ನು ನಮೂದಿಸಿಲ್ಲ. ಶಿರಹಟ್ಟಿ ಸೀಮೆಯ ಮಾಗಡಿ ಕೆರೆ 2024ರಲ್ಲಿ ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿ ಸೇರಿತು. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಅದು ಬೀಗರ ಮನೆ. ಹೊಟ್ಟೆಗೆ ಬೇಕಾದ್ದನ್ನು ಅವು ಸುತ್ತಲಿನ ಶೇಂಗಾ ಹೊಲಗಳಲ್ಲಿ ನೋಡಿಕೊಳ್ಳುತ್ತವೆ. ಅಲ್ಲಿ ದೋಣಿ ಇಳಿಸುವ ಮಾತೇ ಬೇಡ. ಉಳಿದದ್ದು ಮುಂಡರಗಿ. ಅಲ್ಲಿ ತುಂಗಭದ್ರೆ ಇದ್ದಾಳೆ, ಹಮ್ಮಿಗಿಯ ಬ್ಯಾರೇಜ್ ಇದೆ, ಅದರ ಹಿನ್ನೀರಿದೆ, ಹಿನ್ನೀರಿನಲ್ಲಿ ಮೀನೂ ಇವೆ.

ಈ ಹೊಳೆಯ ಮೂಲನೌಕೆ ಹರಗೋಲು. ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಕಡವಿನಲ್ಲಿ ಬುಟ್ಟಿಯಂಥ ದೋಣಿಗಳನ್ನು ನೋಡಿ ಬರೆದಿಟ್ಟಿದ್ದಾನೆ: ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು-ಇಪ್ಪತ್ತು ಜನ ಹಿಡಿಯುತ್ತಾರೆ, ಸಮಯ ಬಿದ್ದರೆ ಕುದುರೆ-ಎತ್ತೂ ದಾಟುತ್ತವೆ, ಆದರೆ ದೋಣಿ ನೆಟ್ಟಗೆ ಹೋಗದೆ ಗಿರಗಿರ ತಿರುಗುತ್ತಲೇ ಹೋಗುತ್ತದೆ. ಗಮನಿಸಿ, ತಿರುಗುವ ಕುರ್ಚಿ ಅಮೆರಿಕದವರಿಗೆ ಹೊಳೆಯುವ ಮೊದಲೇ ನಮ್ಮಲ್ಲಿ ಇಡೀ ದೋಣಿಯೇ ತಿರುಗುತ್ತಿತ್ತು. ಯೂಫ್ರಟೀಸ್ ನದಿಯ ಚರ್ಮದ ದುಂಡುದೋಣಿಯನ್ನು ವರ್ಣಿಸಿದ ಹೆರೊಡೋಟಸ್ ಇನ್ನೊಂದು ಸಂಗತಿ ಹೇಳುತ್ತಾನೆ: ಬ್ಯಾಬಿಲೋನ್ ತಲುಪಿದ ಮೇಲೆ ಚೌಕಟ್ಟನ್ನು ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ವಾಪಸು ನಡೆಯುತ್ತಿದ್ದರಂತೆ. ದೋಣಿಯ ಗುಣವನ್ನು ನೀರಿನಲ್ಲಿ ಅಳೆಯಬಾರದು, ಹೊತ್ತವನ ತಲೆಯ ಮೇಲೆ ಅಳೆಯಬೇಕೆಂಬ ಸಿದ್ಧಾಂತಕ್ಕೆ ಇದೇ ಆದಿಪ್ರಮಾಣ.

ಹರಗೋಲಿಗೂ ತಿದ್ದುಪಡಿಗಳಾಗಿವೆ. ಚರ್ಮ ಹೋಗಿ ಪ್ಲಾಸ್ಟಿಕ್ ಚೀಲ ಬಂತು, ಚೀಲಕ್ಕೆ ಡಾಂಬರು ಬಂತು, ಈಗೀಗ ಇಡೀ ಬುಟ್ಟಿಯೇ ಫೈಬರ್ ಆಗುತ್ತಿದೆ. ಪ್ರತಿ ತಿದ್ದುಪಡಿಯೂ ರೊಕ್ಕ ಉಳಿಸಿದೆ ಇಲ್ಲವೇ ದುಡಿಮೆ ಉಳಿಸಿದೆ. ಒಂದೂ ಕಾರ್ಪೆಟ್ ಹಾಸಿಲ್ಲ.

ದಂಡೆಯ ಅಂಬಿಗರ ಅಜ್ಜನೊಬ್ಬನ ಮುಂದೆ ಪೂರ್ವಪಕ್ಷವನ್ನು ಸಾದ್ಯಂತ ಮಂಡಿಸಲಾಯಿತು. ಸೋನಾರ್ ಬಗ್ಗೆ, “ಗುಳ್ಳಿ ಎದ್ದಲ್ಲಿ ಮೀನ ಐತ್ರೀ ಸರ, ಅದಕ್ಯಾಕ ಟೀವಿ?” ಎಂದ. ಮೋಟಾರಿಗೆ, “ಅಳಿಯ ಅದಾನಲ್ರೀ, ಹುಟ್ಟು ಹಾಕ್ತಾನ.” ತೊಟ್ಟಿಗೆ ಬದಲು ಬಲೆಚೀಲವೊಂದನ್ನು ಹೊಳೆಯಲ್ಲೇ ಇಳಿಬಿಟ್ಟಿದ್ದ, ಒಳಗೆ ಕಟ್ಲಾ ಒದ್ದಾಡುತ್ತಿತ್ತು. ಕಾರ್ಪೆಟ್ ವಿಷಯಕ್ಕೆ ಅವನು ಉತ್ತರಿಸಲಿಲ್ಲ, ಕೆಳಗಿನಿಂದ ಮೇಲಿನವರೆಗೆ ನಮ್ಮನ್ನೊಮ್ಮೆ ನೋಡಿದ. ಮೀಮಾಂಸೆಯಲ್ಲಿ ಇದಕ್ಕೆ ಮೌನಖಂಡನೆ ಎಂದು ಹೆಸರಿಡಬಹುದು.

ಅಲ್ಯೂಮಿನಿಯಂ ನಮಗೆ ಪರಕೀಯವೇನಲ್ಲ. ಅದರ ಮೂಲಸರಕಾದ ಅಲ್ಯೂಮಿನಾವನ್ನು ಬೆಳಗಾವಿಯಲ್ಲೇ ತಯಾರಿಸುತ್ತಾರೆ. ಆದರೆ ಈ ಲೋಹ ನೀರಿಗಿಂತ 2.7 ಪಟ್ಟು ಸಾಂದ್ರ. ಅದು ತೇಲುವುದು ಆಕಾರದ ಬಲದಿಂದ. ಒಳಗೆ ನೀರು ತುಂಬಿತೋ, ಆಕಾರ ಕೈಕೊಡುತ್ತದೆ, ದೋಣಿ ತಳ ಕಾಣುತ್ತದೆ. ಎಂತಲೇ ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳ ಒಳಗೆ ತೇಲುವ ಫೋಮ್‌ನಂಥ ಸಾಮಗ್ರಿ ತುಂಬಬೇಕೆಂಬ ನಿಯಮವಿದೆ. ಅಟ್ಟಕ್ಕೆ ಜಾಗ ಸಾಲದೆಂದು ಆ ಫೋಮನ್ನೇ ಕಿತ್ತೆಸೆಯುವ ಪರಿಷ್ಕಾರಕರೂ ಇದ್ದಾರೆ. ಗೆದ್ದಲು ಹತ್ತದಂತೆ ತಾಮ್ರದ ಔಷಧ ಕುಡಿಸಿದ ಹಲಗೆಯನ್ನು ಅಲ್ಯೂಮಿನಿಯಂಗೆ ತಾಗಿಸಿದರೆ ತೇವದಲ್ಲಿ ಲೋಹವೇ ಸವೆದು ತೂತಾಗುತ್ತದೆ. ಎತ್ತರದ ಅಟ್ಟದ ಮೇಲೆ ಕುರ್ಚಿ ಹಾಕಿ ಕೂತರೆ ಭಾರ ಮೇಲೇರುತ್ತದೆ, ದೋಣಿ ಮಗುಚಲು ನೆಪ ಹುಡುಕುತ್ತದೆ.

ಸಿದ್ಧಾಂತ: ಅಟ್ಟ, ಕಾರ್ಪೆಟ್, ಕುರ್ಚಿ, ಪರದೆ ತಿರಸ್ಕೃತ. ಬಾಯಿ ಬಿಗಿದ ಖಾಲಿ ಎಣ್ಣೆ ಕ್ಯಾನುಗಳನ್ನು ಒಳಗೆ ಕಟ್ಟುವುದು, ಮೈಗೆ ಲೈಫ್ ಜಾಕೆಟ್ ತೊಡುವುದು ಅಂಗೀಕೃತ. ಮುಂದಿನ ಸಂಶೋಧಕರಲ್ಲಿ ಒಂದು ಅರಿಕೆ: ಹಮ್ಮಿಗಿಯ ಗೇಟು ಎತ್ತಿದ ದಿನ ಕ್ಷೇತ್ರಕಾರ್ಯ ಬೇಡ, ದಂಡೆಯ ಮೇಲೆ ಮಿರ್ಚಿ-ಮಂಡಕ್ಕಿ ತಿನ್ನುತ್ತ ಗ್ರಂಥಾವಲೋಕನ ಮಾಡಿರಿ.